ಪೂಜೆಗಿಟ್ಟ ಟೂಲು

ಆಯುಧಪೂಜೆಯ ಮಧ್ಯಾಹ್ನ. ದಾವಣಗೆರೆಯ ತನ್ನ ಟೂಲ್ಸ್ ಅಂಗಡಿಯಲ್ಲಿ ಪೂಜೆ ಮುಗಿಸಿ, ಬಂದವರಿಗೆಲ್ಲ ಮಂಡಕ್ಕಿ, ಬಾಳೆಹಣ್ಣು ಹಂಚುತ್ತ ನಿಂತಿದ್ದ ಬಕ್ಕೇಶನ ಮುಂದೆ ಅಂಜನಕುಮಾರ ಬಂದ. ಪಿ.ಬಿ. ರಸ್ತೆಯ ಪಕ್ಕ ಒಂದು ಲೇತ್ ಇಟ್ಟುಕೊಂಡು ಬದುಕುವ ಆಳು ಅವನು. ನಗಿಸದೆ ಮಾತು ಶುರು ಮಾಡಿದವನಲ್ಲ. ಇವತ್ತೂ ನಗುತ್ತಲೇ ಬಂದಿದ್ದ. ಆದರೆ ನಗು ತುಟಿಯಲ್ಲಷ್ಟೇ ಇತ್ತು, ಅಲ್ಲಿಂದ ಮೇಲಕ್ಕೆ ಹತ್ತಿರಲಿಲ್ಲ.

"ಸಾವ್ಕಾರ್ರೇ, ನೀವು ಕೊಟ್ಟ ಟೂಲಿಗೆ ರೆಕ್ಕೆ ಬಂದೈತಲ್ರೀ."

"ಹಂಗಂದ್ರೆ?"

"ಹಾರ್ತೈತೆ." ಮುಷ್ಟಿ ಬಿಚ್ಚಿ ಕೌಂಟರಿನ ಗಾಜಿನ ಮೇಲೆ ಸುರಿದ. ನೀಲಿ ಬಣ್ಣ ಬಳಿದ ಬೆರಳುದ್ದದ ಒಂದು ಉಕ್ಕಿನ ಕಡ್ಡಿ, ಅದರ ಪಕ್ಕ ಹುಣಸೆಬೀಜದಷ್ಟು ದೊಡ್ಡ ಬೂದು ಚೂರು.

ಬಕ್ಕೇಶನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲೇತಿನಲ್ಲಿ ತಿರುಗುವ ಕಬ್ಬಿಣವನ್ನು ಕೊಯ್ಯುವುದು ಆ ಬೂದು ಚೂರು, ಕಾರ್ಬೈಡ್ ಟಿಪ್ಪು. ಒಂದು ಸಲ ಕೊಯ್ದರೆ ಅದು ಒಂದು ಕಟ್ಟು. ಉಕ್ಕಿನ ಕಡ್ಡಿ ಬರೀ ಅದರ ಹಿಡಿಕೆ. ಎರಡನ್ನೂ ಒಂದಾಗಿ ಹಿಡಿದಿರುವುದು ನಡುವೆ ಕರಗಿಸಿ ಬಿಟ್ಟ ಹಿತ್ತಾಳೆಯ ಬೆಸುಗೆ. ಬೆಸುಗೆ ಚೆನ್ನಾಗಿದ್ದರೆ ಟಿಪ್ಪು ಸವೆದು ಸಾಯುತ್ತದೆಯೇ ಹೊರತು ಕಿತ್ತುಬರುವುದಿಲ್ಲ. ಕಿತ್ತುಬಂತೋ, ತಿರುಗುವ ಕಬ್ಬಿಣ ಅದನ್ನು ಎತ್ತ ಎಸೆಯುತ್ತದೋ ದೇವರೇ ಬಲ್ಲ.

"ಪೂಜೆಗೆ ಅಂತ ಕೊಟ್ಟದ್ದನ್ನ ನೀನು ಪೂಜೆಗೆ ಮುಂಚೇನೇ ಯಾಕ ಹಾಕ್ದೆ?" ಎಂದ ಬಕ್ಕೇಶ. ಬಾಯಿಗೆ ಮೊದಲು ಬಂದದ್ದು ಅದೇ.

"ತಪ್ಪಾತು ಬಿಡ್ರಿ, ದೇವಿ ಅದಕ್ಕೇ ಬುದ್ಧಿ ಕಲಿಸಿದ್ಲು. ಅರ್ಜೆಂಟ್ ಜಾಬ್ ಇತ್ತು, ಹಾಕ್ದೆ. ಒಂದ್ ಕಟ್ಟು ಬೆಣ್ಣೆ ಕೊಯ್ದಂಗೆ ಹೋತು. ಎರಡನೇದಕ್ಕೆ ಟಣ್ ಅಂತು. ಕಿವಿ ಪಕ್ಕ ಏನೋ ಸುಂಯ್ ಅಂತ ಹಾದು ಹೋತು. ಹಿಂದಕ್ಕೆ ತಿರುಗಿ ನೋಡಿದ್ರೆ ಗ್ವಾಡೆ ಮ್ಯಾಗಿನ ಟ್ಯೂಬ್‌ಲೈಟೇ ಇಲ್ಲ." ಅಂಜನಕುಮಾರ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡ. "ಒಂಚೂರು ಈ ಕಡೆ ಬಂದಿದ್ರೆ ನಮ್ಮನ್ಯಾಗೆ ಇವತ್ತು ಹೋಳಿಗೆ ಮಾಡ್ತಿರಲಿಲ್ಲ ಬಿಡ್ರಿ."

ಗಿರಾಕಿಗಳಿಗೆ ಹಂಚಿ ಉಳಿದ ಅದೇ ಟೂಲುಗಳ ಒಂದು ಡಬ್ಬಿ ಇನ್ನೂ ಅಂಗಡಿಯಲ್ಲಿತ್ತು. ಬಕ್ಕೇಶ ಅದನ್ನು ತೆಗೆದ. ಅಂಜನಕುಮಾರ ಒಂದೊಂದೇ ಟೂಲನ್ನು ವೈಸಿನ ದವಡೆಗೆ ಕಚ್ಚಿಸಿ ಸಣ್ಣ ಸುತ್ತಿಗೆಯಿಂದ ಟಿಪ್ಪಿನ ಬದಿಗೆ ಬಡಿದ. ಮೊದಲನೆಯದು ಎಷ್ಟು ಬಡಿದರೂ ಅಲುಗಲಿಲ್ಲ.

"ಇದು ನಮ್ಮ ಮಾವ ಇದ್ದಂಗೆ. ಎಷ್ಟ್ ಬಡಿದ್ರೂ ಏನೂ ಬಿಡಂಗಿಲ್ಲ."

ಮುಂದಿನದು ಬೆಲ್ಲದ ಅಚ್ಚು ಬಿಟ್ಟಂತೆ ಟಕ್ಕನೆ ಬಿಟ್ಟುಕೊಂಡು ನೆಲಕ್ಕೆ ಬಿತ್ತು. ಅದು ಕೂತಿದ್ದ ಜಾಗವನ್ನು ಇಬ್ಬರೂ ಬಗ್ಗಿ ನೋಡಿದರು. ಅಂಚಿನಲ್ಲಿ ಮಾತ್ರ ಹಿತ್ತಾಳೆ ಹಳದಿಯಾಗಿ ಹರಿದಿತ್ತು. ನಡುವೆಲ್ಲ ಕರಿ ಹುಡಿ, ಟೊಳ್ಳು. ಹೊರಗೆ ಮಾತ್ರ ನೀಲಿ ಬಣ್ಣ ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆಯಂತೆ ಎಲ್ಲವನ್ನೂ ಮುಚ್ಚಿಕೊಂಡಿತ್ತು.

"ಯಾವುದು ಗಟ್ಟಿ, ಯಾವುದು ಪೊಳ್ಳು, ಹೊರಗಿಂದ ಗೊತ್ತಾಗಂಗೇ ಇಲ್ಲಲ್ರೀ," ಅಂದ ಅಂಜನಕುಮಾರ. ಈ ಸಲ ನಗಲಿಲ್ಲ.

ಪೂಜೆಗೆ ಟೂಲು ಕೊಡುವುದು ಬಕ್ಕೇಶನ ತಂದೆ ಶಿವಮೂರ್ತಪ್ಪ ಬದುಕಿದ್ದಾಗ ಮಾಡಿದ ಪದ್ಧತಿ. ದಸರೆ ಬಂತೆಂದರೆ ಖಾಯಂ ಗಿರಾಕಿಗಳ ಪ್ರತಿ ಶೆಡ್ಡಿಗೂ ಒಂದು ಹೊಸ ಟೂಲು, ಅರಿಶಿನ ಕುಂಕುಮ ಹಚ್ಚಿ, ಕೆಂಪು ವಸ್ತ್ರದಲ್ಲಿ ಸುತ್ತಿ ಕಳಿಸಬೇಕು. ಒಂದೇ ಒಂದು ಟೂಲು, ಆದರೆ ತಾನೇ ಬೆಳಕಿಗೆ ಹಿಡಿದು ನೋಡಿ ಆರಿಸಿದ್ದು. ಅಪ್ಪ ತೀರಿದ ಮೇಲೆ ಬಕ್ಕೇಶನಿಗೆ ಒಂದು ಟೂಲು ಕೊಡುವುದು ಸಣ್ಣದೆನಿಸಿತು. ದಿಲ್ಲಿ ಕಡೆಯ ಒಬ್ಬ ವ್ಯಾಪಾರಿ ನೀಲಿ ಡಬ್ಬಿಗಳ ಫೋಟೋ ಕಳಿಸಿದ್ದ. ಒಳ್ಳೆ ಕಂಪನಿಯ ಒಂದು ಟೂಲಿನ ರೊಕ್ಕಕ್ಕೆ ಇಡೀ ಡಬ್ಬಿ. ನೆಟ್ಟಗಿನವು, ಎಡಕ್ಕೆ ಬಾಗಿದವು, ಬಲಕ್ಕೆ ಬಾಗಿದವು, ದೇವರ ಮನೆಯ ಮೂರ್ತಿಗಳ ಹಾಗೆ ಸಾಲಾಗಿ. ಬಕ್ಕೇಶ ತರಿಸಿದ, ಹಂಚಿದ. ಒಂದನ್ನೂ ಬೆಳಕಿಗೆ ಹಿಡಿಯಲಿಲ್ಲ.

ಈಗ ಫೋನು ಹಿಡಿದು ಕೂತ. "ತಪ್ಪು ಮಾಲು ಬಂದೈತೆ, ಡಬ್ಬಿ ಹಾಕಬ್ಯಾಡ್ರಿ, ಬೇರೆ ಕಳಿಸ್ತೀನಿ" ಎಂದು ಒಬ್ಬೊಬ್ಬರಿಗೂ ಹೇಳಿದ. "ಆತು ಬಿಡ್ರಿ, ಇನ್ನೂ ಪೂಜೆಗೇ ಇಟ್ಟೀವಿ" ಎಂದರು ಎಲ್ಲರೂ. ಹರಿಹರದ ಮಾಲತೇಶಪ್ಪನ ಫೋನು ಮಾತ್ರ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಮಾಲತೇಶಪ್ಪನಿಗೆ ಇದ್ದದ್ದು ಒಂದೇ ಕಣ್ಣು.

ಎಡಗಣ್ಣನ್ನು ಬಹಳ ವರ್ಷದ ಹಿಂದೆ ಬೀಡು ಕಬ್ಬಿಣದ ಕಿಡಿಯೊಂದು ತಿಂದಿತ್ತು. ಉಳಿದ ಬಲಗಣ್ಣೂ ಮಂಜಾಗುತ್ತ ಬಂದಿದ್ದರಿಂದ, ಕಟ್ಟು ಕಾಣಲೆಂದು ಮುದುಕ ಮುಖವನ್ನು ಟೂಲಿನ ಮೇಲೆಯೇ ತಂದು ನಿಲ್ಲಿಸುತ್ತಿದ್ದ. ಕನ್ನಡಕ ಹಾಕಿಕೊಳ್ಳಿ ಎಂದರೆ, "ಇರೋದೊಂದು ಕಿಟಕಿ, ಅದಕ್ಕೂ ಪರದೆ ಹಾಕಬೇಕೇನು?" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಅವನದೊಂದು ಹರಕೆ ಇತ್ತು. ವಿಜಯದಶಮಿಯ ಬೆಳಿಗ್ಗೆ ಲೇತಿನ ಮೊದಲ ಕಟ್ಟು ಕಾಣಿಕೆ ಬಂದ ಟೂಲಿನಿಂದಲೇ ಆಗಬೇಕು. ಆ ಕೆಲಸಕ್ಕೆ ಕೂಲಿಯಿಲ್ಲ, ಅದು ದೇವರ ಸೇವೆ. ಹೀಗೆ ಎಷ್ಟು ದಸರೆ ಕಳೆದಿತ್ತೋ, ಒಮ್ಮೆಯೂ ತಪ್ಪಿಸಿದವನಲ್ಲ.

ಬಕ್ಕೇಶ ಬೈಕು ಹತ್ತಿದ.

ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿಕೊಂಡ ಲಾರಿಗಳು, ಚೆಂಡುಹೂವಿನ ಹಾರ ಹಾಕಿಕೊಂಡ ಬಸ್ಸುಗಳು ಎದುರಾದವು. ದೊಡ್ಡಬಾತಿ ದಾಟುವಾಗ ಯಾರೋ ಲಾರಿಯ ಮುಂದೆ ಬೂದುಗುಂಬಳಕಾಯಿ ಒಡೆದರು. ಕುಂಕುಮ ತುಂಬಿದ್ದ ಕಾಯಿ ರಸ್ತೆಯ ಮೇಲೆ ಕೆಂಪಗೆ ಚೆಲ್ಲಿತು. ಬಕ್ಕೇಶ ಮುಖ ತಿರುಗಿಸಿದ. ತಿರುಗಿಸಿದರೂ ಅದೇ ಕೆಂಪು ಕಣ್ಣ ಮುಂದೆ ಬಹಳ ದೂರ ಬಂತು.

ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಮಾಲತೇಶಪ್ಪನ ಮನೆ, ಮನೆಯ ಹಿತ್ತಿಲಲ್ಲೇ ಶೆಡ್ಡು. ಬಾಗಿಲಲ್ಲಿ ಅವನ ಹೆಂಡತಿ ಉಡಚಮ್ಮ ನಿಂತಿದ್ದಳು.

"ಬರ್ರಿ ಬಕ್ಕೇಶಪ್ಪ, ಕೂಡ್ರಿ. ಹಬ್ಬದ ದಿನ ಬಂದೀರಿ, ಹೋಳಿಗಿ ತಿಂದೇ ಹೋಗಬೇಕು."

"ಯಜಮಾನ್ರು ಎಲ್ಲಿ ಅವ್ವಾರೆ? ಫೋನ್ ಎತ್ತವಲ್ರು."

"ಫೋನನ್ನೂ ಪೂಜೆಗೆ ಇಟ್ಟಾರೆ ನೋಡ್ರಿ. ಅದೂ ಆಯುಧ ಅಂತೆ. ಎತ್ತಿದ್ರೆ ಮುಟ್ಟಿದಂಗಾಗ್ತೈತಂತೆ."

ಶೆಡ್ಡಿನಲ್ಲಿ ಲೇತು ಮದುವೆ ಗಂಡಿನಂತೆ ಸಿಂಗರಿಸಿಕೊಂಡಿತ್ತು. ಮೈಯುದ್ದಕ್ಕೂ ವಿಭೂತಿಯ ಪಟ್ಟೆ, ಕಬ್ಬಿಣವನ್ನು ಕಚ್ಚಿ ತಿರುಗಿಸುವ ಚಕ್ಕಿಗೆ ಹೂವಿನ ಹಾರ. ಅದರ ಮುಂದೆ ಮಣೆಯ ಮೇಲೆ ನೀಲಿ ಡಬ್ಬಿ ಬಾಯಿ ತೆರೆದು ಕೂತಿತ್ತು. ಒಂದೊಂದು ಟಿಪ್ಪಿನ ಮೇಲೂ ಕುಂಕುಮದ ಬೊಟ್ಟು. ದೀಪ ಉರಿಯುತ್ತಿತ್ತು. ಮಾಲತೇಶಪ್ಪ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು ಬಂದ.

"ಏ, ಬಾರಪ್ಪ ಸಣ್ಣ ಸಾವ್ಕಾರ! ನಿಮ್ಮಪ್ಪ ಒಂದ್ ಕೊಡ್ತಿದ್ದ. ನೀನು ಮೆರವಣಿಗೀನೇ ಕಳಿಸೀಯಲ್ಲೋ!"

"ಅದಕ್ಕೇ ಬಂದೆ ಯಜಮಾನ್ರೇ. ಆ ಡಬ್ಬಿ… ಬ್ಯಾರೆ ಕೊಡಾಣ ಅಂತ."

"ಯಾಕ? ಇದಕ್ಕೇನಾಗೈತೆ?"

ಆ ಹೊತ್ತಿಗೆ ಒಂದೇ ಮಾತು ಸಾಕಾಗಿತ್ತು. ಬೆಸುಗೆ ಟೊಳ್ಳು ಐತೆ, ನಾನು ನೋಡದೆ ಕೊಟ್ಟೆ. ಬಕ್ಕೇಶನ ನಾಲಿಗೆ ಅದನ್ನು ಎತ್ತಿಕೊಳ್ಳಲು ಹೋಗಿ ಹಿಂದೆ ಸರಿಯಿತು. ನಿಮ್ಮಪ್ಪ ಎಂದು ಮುದುಕ ಈಗಷ್ಟೇ ಹೇಳಿದ್ದ. ಆ ಹೆಸರಿನ ಮುಂದೆ ಈ ಮಾತನ್ನು ಹೇಗೆ ಇಡುವುದು?

"ಕಲರ್ ತಪ್ಪು ಬಂದೈತೆ," ಅಂದ.

ಮಾಲತೇಶಪ್ಪ ಗಟ್ಟಿಯಾಗಿ ನಕ್ಕ. "ಕಲರ್ ತಗೊಂಡು ನಾನೇನ್ ಮಾಡ್ಲೋ? ಒಂದೇ ಕಣ್ಣು ನಂದು, ನಂಗೆ ಅರ್ಧ ಕಲರ್ ಸಾಕು. ಉಡಚೀ, ಕೇಳಿದ್ಯಾ? ಕಲರ್ ತಪ್ಪಂತೆ!"

"ಇಲ್ರಿ, ಈಗ ಕೊಡ್ರಿ, ನಾಳೆ ಬೆಳಿಗ್ಗೆ ಚೊಲೋದು ತಂದು—"

"ಪೂಜೆಗೆ ಇಟ್ಟೀನಿ ತಮ್ಮಾ." ಮುದುಕನ ದನಿ ತಗ್ಗಿತು. "ದೀಪ ಹಚ್ಚಿ ಇಟ್ಟದ್ದನ್ನ ಕದಲಿಸೋ ಮುಂಚೆ ಮುಟ್ಟಂಗಿಲ್ಲ. ನಿಮ್ಮ ಮನ್ಯಾಗೆ ಇದನ್ನ ಹೇಳಿಕೊಡಬೇಕೇನು? ನಾಳೆ ಬೆಳಿಗ್ಗೆ ಮಂಗಳಾರತಿ ಮಾಡಿ ನಾನೇ ಕೈ ಹಾಕ್ತೀನಿ. ಭಾನುವಳ್ಳಿ ಗುಡಿಯ ಗಂಟೆಗೆ ಕೀಲು ಸವೆದೈತಂತೆ, ಅದೇ ಮೊದಲ ಜಾಬು. ನಿನ್ನ ಟೂಲಿನ ಪುಣ್ಯ ಅಂದ್ಕೋ."

ನೀರು ತರಲೆಂದು ಮುದುಕ ಮನೆಯೊಳಗೆ ಹೋದ. ಶೆಡ್ಡಿನಲ್ಲಿ ಬಕ್ಕೇಶ ಒಬ್ಬನೇ ಉಳಿದ. ದೀಪ ಸಣ್ಣಗೆ ಅಲುಗುತ್ತಿತ್ತು. ಡಬ್ಬಿ ಒಂದು ಮಾರು ದೂರದಲ್ಲಿತ್ತು. ಎತ್ತಿಕೊಂಡು, ಬೈಕು ಹತ್ತಿ, ಹೋಗಿಬಿಟ್ಟರೆ ಆಯಿತು. ಬೈದುಕೊಳ್ಳಲಿ, ಕಳ್ಳ ಎನ್ನಲಿ. ಬಕ್ಕೇಶ ಬಗ್ಗಿದ. ಬೆರಳು ಡಬ್ಬಿಯ ಅಂಚಿಗೆ ಹೋಯಿತು. ಅಲ್ಲಿ ಅಕ್ಷತೆಯ ಕಾಳುಗಳಿದ್ದವು, ಹೂವಿನ ಎಸಳಿತ್ತು. ಚಿಕ್ಕಂದಿನಿಂದ ಅವನ ಕೈಗೆ ಕಲಿಸಿದ್ದು ಒಂದೇ: ದೀಪದ ಮುಂದಿನದನ್ನು ಮುಟ್ಟಬಾರದು. ಆ ಕೈ ಅವನ ಮಾತು ಕೇಳಲಿಲ್ಲ. ಬಿಸಿ ತಾಕಿದಂತೆ ಹಿಂದಕ್ಕೆ ಬಂದುಬಿಟ್ಟಿತು.

ಉಡಚಮ್ಮ ತಟ್ಟೆ ಹಿಡಿದು ಬಂದಳು. ಬಕ್ಕೇಶ ಹೋಳಿಗೆ ತಿಂದ.

"ನಾಳೆ ನಾನು ಬಂದ ಮ್ಯಾಲೇ ಶುರು ಮಾಡ್ರಿ," ಎಂದ ಹೊರಡುವಾಗ.

"ಬಾ, ಬಾ. ಬಿಸಿಲು ಬಾಗಿಲಿಗೆ ಬರೋದ್ರೊಳಗೆ ಬಾ."

ಮರುದಿನ ಬೆಳಗಾದಾಗ ಬಕ್ಕೇಶ ಅಂಗಡಿಯಿಂದ ಒಳ್ಳೆ ಕಂಪನಿಯ ಒಂದು ಟೂಲನ್ನು ತಂದು ಜೇಬಿನಲ್ಲಿಟ್ಟುಕೊಂಡಿದ್ದ. ಹೇಳಬೇಕಾದ ಸುಳ್ಳನ್ನೂ ಅದರ ಜೊತೆ ಇಟ್ಟುಕೊಂಡಿದ್ದ. ಮನೆಯಲ್ಲಿ ತಾಯಿ ಅನ್ನಪೂರ್ಣಮ್ಮ ದೇವರ ಮುಂದೆ ಕೂತು ಹೂವು ತೆಗೆಯುತ್ತಿದ್ದವಳು ಮಗನ ಮುಖ ನೋಡಿದಳು.

"ನಿನ್ನೆಯಿಂದ ನೋಡ್ತಾ ಇದೀನಿ. ಒಂದ್ ತುತ್ತು ಸರಿಯಾಗಿ ಉಂಡಿಲ್ಲ. ಏನಾಗೈತೆ?"

ಬಕ್ಕೇಶ ಹೇಳಿದ. ಬಾಗಿಲ ಚೌಕಟ್ಟು ಹಿಡಿದು ನಿಂತು ಎಲ್ಲವನ್ನೂ ಹೇಳಿದ. ಡಬ್ಬಿ, ಬೆಸುಗೆ, ಮುದುಕನ ಕಣ್ಣು, ಕೈ ಹಿಂದಕ್ಕೆ ಬಂದದ್ದು. ತಾಯಿ ಹೂವು ತೆಗೆಯುವುದನ್ನು ನಿಲ್ಲಿಸಿದಳು.

"ಮುಟ್ಟಿದ್ರೆ ದೇವಿ ಸಿಟ್ಟಾಗ್ತಾಳೆ ಅಂತ ಬಿಟ್ ಬಂದ್ಯಾ?"

ಬಕ್ಕೇಶ ಜೇಬಿನ ಟೂಲನ್ನು ಮುಟ್ಟಿ ನೋಡಿಕೊಂಡ.

"ದೇವಿಗೆ ಸಿಟ್ಟು ಬಂದ್ರೆ ಒಂದ್ ಕಾಯಿ ಒಡೆದು ಕಾಲಿಗೆ ಬೀಳಬಹುದು. ಆ ಕಣ್ಣು ಹೋದ್ರೆ ಯಾರ ಕಾಲಿಗೆ ಬೀಳ್ತೀಯ?" ಅವಳು ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟಳು. "ನಿಂದ್ರಬ್ಯಾಡ. ಹೋಗು. ಕಲರ್ ಅಂತೆ, ಕಲರ್!"

ಬೈಕು ಓಡುತ್ತಿತ್ತು. ಮನೆ ಬಿಡುವಾಗಲೂ, ದೊಡ್ಡಬಾತಿಯಲ್ಲಿ ನಿಂತೂ ಮಾಲತೇಶಪ್ಪನಿಗೆ ಫೋನು ಮಾಡಿದ್ದ, ಎತ್ತಿರಲಿಲ್ಲ. ಮುದುಕನ ಫೋನು ಇನ್ನೂ ದೇವರ ಮುಂದೆಯೇ ಇತ್ತೋ ಏನೋ. ಹಾದಿಯ ಬದಿಯ ಗದ್ದೆಗಳ ಮೇಲೆ ಬಿಸಿಲು ಬಿಚ್ಚಿಕೊಳ್ಳುತ್ತಿತ್ತು. ಬಕ್ಕೇಶನಿಗೆ ಆ ಬಿಸಿಲಿನ ಮೇಲೆಯೇ ಸಿಟ್ಟು ಬಂತು. ಈಗ ಅದು ಶೆಡ್ಡಿನ ತಗಡಿಗೆ ಬಿದ್ದಿರುತ್ತದೆ. ಈಗ ಮೆಟ್ಟಿಲಿಗೆ. ಈಗ ಬಾಗಿಲಿಗೆ. ಶಿವಶಿವಾ ಎಂದುಕೊಂಡ. ಮುಂದಿನ ಮಾತು ಬರಲಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ತಲೆಯಿಂದ ಹಾರಿಹೋಗಿ ಶಿವಶಿವಾ ಎಂಬುದೊಂದೇ ಚಕ್ರದ ಹಾಗೆ ಸುತ್ತುತ್ತಿತ್ತು.

ಓಣಿಯ ತಿರುವಿನಲ್ಲೇ ಕೇಳಿಸಿತು. ಲೇತು ತಿರುಗುತ್ತಿತ್ತು. ಬರೀ ತಿರುಗುವ ಸದ್ದಲ್ಲ ಅದು. ಟೂಲು ಕಬ್ಬಿಣಕ್ಕೆ ಕಚ್ಚಿಕೊಂಡಾಗ ಬರುವ, ಹಲ್ಲು ಕಡಿಯುವಂಥ ಸಣ್ಣ ಸದ್ದು ಅದರೊಳಗೆ ಸೇರಿತ್ತು.

ಬೈಕನ್ನು ಬೀಳಿಸಿಯೇ ಓಡಿದ. ಹಿತ್ತಿಲ ಬಾಗಿಲಲ್ಲಿ ನಿಂತ.

ಮಾಲತೇಶಪ್ಪ ಲೇತಿನ ಮೇಲೆ ಬಗ್ಗಿದ್ದ. ಹಣೆಯ ಮೇಲೆ ಹೊಸ ವಿಭೂತಿ. ಟೂಲು ಬಿಗಿಯುವ ಟೂಲ್ ಪೋಸ್ಟಿನಲ್ಲಿ ನೀಲಿ ಟೂಲು. ತಿರುಗುವ ಕೀಲಿಗೂ ಅವನ ಬಲಗಣ್ಣಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಎಡಗೈ ಲೇತಿನ ಮೇಲೆ, ಬಲಗೈ ಹ್ಯಾಂಡಲಿನ ಮೇಲೆ. ಕೊಯ್ದ ಕಬ್ಬಿಣ ಸುರುಳಿ ಸುರುಳಿಯಾಗಿ ಅವನ ಗದ್ದದ ಕೆಳಗೆ ಬೀಳುತ್ತಿತ್ತು.

ಕೂಗಬೇಕೆಂದು ಬಕ್ಕೇಶ ಬಾಯಿ ತೆರೆದ. ಕೂಗಿದರೆ ಮುದುಕ ಬೆಚ್ಚುತ್ತಾನೆ. ಬೆಚ್ಚಿದರೆ ಹ್ಯಾಂಡಲ್ ಒಳಕ್ಕೆ ತಿರುಗಿ ಟೂಲು ಇನ್ನೂ ಆಳಕ್ಕೆ ಕಚ್ಚುತ್ತದೆ. ಹೋಗಿ ಹಿಡಿದೆಳೆದರೂ ಅದೇ. ಸುಮ್ಮನೆ ನಿಂತರೆ, ಎರಡನೇ ಕಟ್ಟಿಗೆ ಟಣ್ ಅಂತು ಅಂದಿದ್ದನಲ್ಲ ಅಂಜನಕುಮಾರ. ಇದು ಎಷ್ಟನೆಯ ಕಟ್ಟು? ಯಾರಿಗೆ ಗೊತ್ತು? ಬಾಗಿಲ ಪಕ್ಕದ ಗೋಡೆಯಲ್ಲಿ ಮೇನ್ ಸ್ವಿಚ್ಚು ಇತ್ತು. ಯೋಚಿಸುವ ಮೊದಲೇ ಅವನ ಕೈ ಅದನ್ನು ಕೆಳಗೆಳೆದಿತ್ತು.

ಶೆಡ್ಡಿನ ಬಲ್ಬು ಆರಿತು. ಮೋಟಾರು ಉಸಿರು ಬಿಟ್ಟಿತು. ಕಟ್ಟಿನೊಳಗೆ ಹೂತಿದ್ದ ಟೂಲಿನ ಮೇಲೆ ಕಬ್ಬಿಣ ನಿಧಾನವಾಗಿ, ಭಾರವಾಗಿ ಹೊರಳಿತು. "ಏಯ್" ಎಂದು ಮಾಲತೇಶಪ್ಪ ಬೆಚ್ಚಿದ. ಹ್ಯಾಂಡಲ್ ಒಳಕ್ಕೆ ತಿರುಗಿತು.

ಟಕ್.

ಸಣ್ಣ ಸದ್ದು. ಅಡಕೆ ಕತ್ತರಿಸಿದಷ್ಟೇ. ಮುದುಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದ.

"ಯಜಮಾನ್ರೇ!"

ಉಡಚಮ್ಮ ಒಳಗಿಂದ ಓಡಿ ಬಂದಳು. ಮುದುಕನ ಬೆರಳ ಸಂದಿಯಿಂದ ರಕ್ತ ಇಳಿದು ಬಲಗೆನ್ನೆಯ ಮೇಲೆ ಹರಿಯಿತು. ಅವಳು ಚೀರಲಿಲ್ಲ; ಗಂಡನ ಮುಂದೆ ಮಂಡಿಯೂರಿ ಅವನ ಕೈಗಳನ್ನು ಮೆಲ್ಲಗೆ ಬಿಡಿಸಿದಳು. ರಕ್ತ ರೆಪ್ಪೆಯ ಮೇಲೆಲ್ಲ ಹರಡಿತ್ತು. ಎಲ್ಲಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ತೆಗೀರಿ," ಎಂದಳು. "ಕಣ್ಣು ತೆಗೀರಿ."

"ಒಲ್ಲೆ."

"ತೆಗೀರಿ ಅಂತೀನಿ, ನೋಡಬೇಕು."

"ಒಲ್ಲೆ ಉಡಚಿ." ಮುದುಕನ ದನಿ ಮಗುವಿನದಾಗಿತ್ತು. "ಹಿಂಗೇ ಇರ್ಲಿ. ಒಂದ್ ಗಳಿಗಿ ಹಿಂಗೇ ಇರ್ಲಿ."

ಬಕ್ಕೇಶನಿಗೆ ಅರ್ಥವಾಯಿತು. ಮುಚ್ಚಿರುವಷ್ಟು ಹೊತ್ತು ಕಣ್ಣು ಹೋಗಿಲ್ಲ. ತೆರೆದ ಮೇಲೆ ಕತ್ತಲೇ ಇದ್ದರೆ, ಆಮೇಲೆ ಇನ್ನು ಬೆಳಗು ಎಂಬುದಿಲ್ಲ. ತಾನೂ ಆ ಕತ್ತಲಿನ ಬಾಗಿಲಲ್ಲಿ ನಿಂತಿದ್ದೇನೆ, ತಾನೇ ಈ ಮನುಷ್ಯನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದೇನೆ ಎನಿಸಿತು. ಗೋಡೆ ಹಿಡಿದು ಕೂತ.

ಉಡಚಮ್ಮ ಬಿಂದಿಗೆಯಿಂದ ನೀರು ತಂದು, ಸೆರಗು ಅದ್ದಿ ಒರೆಸಿದಳು. ಮತ್ತೆ ಅದ್ದಿ ಒರೆಸಿದಳು. ನೀರು ಕೆಂಪಾಗಿ, ಆಮೇಲೆ ತೆಳು ಕೆಂಪಾಗಿ ನೆಲಕ್ಕೆ ಹರಿಯಿತು. ರೆಪ್ಪೆ ಸ್ವಚ್ಛವಾಯಿತು. ಅದರ ಕೆಳಗೆ, ಬೆರಳಗಲದಾಚೆ, ಗಲ್ಲದ ಎಲುಬಿನ ಮೇಲೆ ಒಂದು ಗಾಯ ಬಾಯಿ ಬಿಟ್ಟಿತ್ತು.

"ಕೆಳಗೈತೆ," ಎಂದಳು ಅವಳು. ಉಸಿರು ಆಗ ಬಂತು. "ಕಣ್ಣಿಗಲ್ಲ. ಕೆಳಗೈತೆ. ತೆಗೀರಿ ಈಗ."

ಮಾಲತೇಶಪ್ಪ ತೆಗೆದ. ರೆಪ್ಪೆ ಬಡಿದ. ಬಹಳ ಹೊತ್ತು ಎದುರಿಗೇ ನೋಡಿದ.

"ನಿನ್ನ ಮೂಗುತಿ ಕಾಣ್ತೈತೆ," ಅಂದ.

ಆಗ ಉಡಚಮ್ಮ ಅತ್ತಳು.

ಗಾಯಕ್ಕೆ ಅರಿಶಿನ ಒತ್ತಿ ಬಟ್ಟೆ ಕಟ್ಟಿದ ಮೇಲೆ ಮುದುಕ ಬಕ್ಕೇಶನ ಕಡೆ ತಿರುಗಿದ. ಸಿಟ್ಟು ಆಗ ಬಂತು.

"ಹುಚ್ಚು ಹಿಡಿದೈತೇನೋ ನಿಂಗೆ? ಕಟ್ ನಡೆದಾಗ ಯಾರಾದ್ರೂ ಮೇನ್ ತೆಗೀತಾರೇನೋ? ಕಾರ್ಬೈಡು ಅದು, ಹಂಗೆ ನಿಲ್ಲಿಸಿದ್ರೆ ಸಿಡೀದೆ ಇರ್ತೈತೇನು? ಟೂಲ್ ಮಾರಾವ ನೀನು, ಇಷ್ಟು ಗೊತ್ತಿಲ್ವಾ?"

ಬಕ್ಕೇಶ ಹೇಳಿದ. ಈ ಸಲ ನಾಲಿಗೆ ಹಿಂದೆ ಸರಿಯಲಿಲ್ಲ, ಸರಿಯಲು ಜಾಗವೇ ಉಳಿದಿರಲಿಲ್ಲ. ಅಗ್ಗದ ಮಾಲು, ನೋಡದೆ ತರಿಸಿದೆ, ಅಂಜನಕುಮಾರನ ಟಿಪ್ಪು ಹಾರಿತು, ನಿನ್ನೆ ಬಂದದ್ದು ಅದಕ್ಕೇ, ಕಲರ್ ಅಂದದ್ದು ಸುಳ್ಳು.

ಮಾಲತೇಶಪ್ಪ ಟೂಲ್ ಪೋಸ್ಟಿನಿಂದ ನೀಲಿ ಟೂಲನ್ನು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದ. ಟಿಪ್ಪಿನ ಮೂತಿ ಮುರಿದು ಚೂರಾಗಿತ್ತು. ಆದರೆ ಬುಡ ಗಟ್ಟಿಯಾಗಿ ಕೂತಿತ್ತು. ಕೆಳಗೆ ಹಿತ್ತಾಳೆಯ ಗೆರೆ ಸುತ್ತಲೂ ತುಂಬಿ ಹರಿದಿತ್ತು. ಸುತ್ತಿಗೆಯಿಂದ ಬಡಿದು ನೋಡಿದ. ಬಿಡಲಿಲ್ಲ.

"ಇದು ಚೊಲೋದೇ ಇತ್ತು," ಅಂದ. "ನೀ ಬರದಿದ್ರೆ ಕೀಲು ಮುಗೀತಿತ್ತು."

ಮುದುಕ ಡಬ್ಬಿಯಿಂದ ಪಕ್ಕದ ಟೂಲನ್ನು ತೆಗೆದು ಬಡಿದ. ಒಂದೇ ಪೆಟ್ಟಿಗೆ ಟಿಪ್ಪು ಕಿತ್ತುಬಂದು, ನೆಲದ ಮೇಲೆ ಜಿಗಿದು, ಉಡಚಮ್ಮನ ಕಾಲ ಬಳಿ ಬಿತ್ತು. ಕುಂಕುಮದ ಬೊಟ್ಟು ಇನ್ನೂ ಅದರ ಮೇಲಿತ್ತು.

ಮೂವರೂ ಅದನ್ನು ನೋಡಿದರು.

"ಕೈಗೆ ಇದೂ ಸಿಗಬಹುದಿತ್ತು," ಎಂದ ಮಾಲತೇಶಪ್ಪ, ಯಾರಿಗೂ ಅಲ್ಲದ ಹಾಗೆ. "ಬೆಳಿಗ್ಗೆ ಆರಿಸಿದ್ನಲ್ಲ, ಕಣ್ಣು ಮುಚ್ಚಿ ಒಂದ್ ತಗದೆ. ದೇವಿ ಯಾವುದು ಕೊಡ್ತಾಳೋ ಅದು ಅಂತ."

"ಆಸ್ಪತ್ರೆಗೆ ಹೋಗಾಣ್ರಿ ಯಜಮಾನ್ರೇ. ಹೊಲಿಗೆ ಹಾಕಿಸಬೇಕು."

"ಹೋಗಾಣ. ಗಂಟೆ ಕೀಲು ಅರ್ಧಕ್ಕೆ ನಿಂತೈತೆ. ದಶಮಿ ದಿನ ಮೊದಲ ಜಾಬು ಅರ್ಧ ಬಿಡಬಾರದು. ಒಂದ್ ಕಟ್ಟು ಉಳಿದೈತೆ, ಮುಗಿಸಿ ಹೋಗಾಣ."

ಬಕ್ಕೇಶ ಜೇಬಿನಿಂದ ಕಂಪನಿಯ ಟೂಲನ್ನು ತೆಗೆದು ಕೊಟ್ಟ. ಮುದುಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಉಗುರಿನಿಂದ ಕೆರೆದ, ಕಿವಿಯ ಹತ್ತಿರ ಹಿಡಿದು ಕಡ್ಡಿಗೆ ತಟ್ಟಿದ. ಆಮೇಲೆ ಪೋಸ್ಟಿಗೆ ಕಚ್ಚಿಸಿದ. ಉಡಚಮ್ಮ ಮೇನ್ ಹಾಕಿದಳು. ಚಕ್ಕು ತಿರುಗಿತು.

ಮಾಲತೇಶಪ್ಪ ಹ್ಯಾಂಡಲಿಗೆ ಕೈ ಹಾಕಿದ. ಬಗ್ಗಲು ಹೋದ. ಕುತ್ತಿಗೆ ಅರ್ಧ ದಾರಿಗೆ ನಿಂತಿತು. ಮತ್ತೆ ಪ್ರಯತ್ನಿಸಿದ. ಗಲ್ಲದ ಬಟ್ಟೆಯ ಮೇಲೆ ರಕ್ತದ ಚುಕ್ಕೆ ದೊಡ್ಡದಾಯಿತು. ಒಂದು ಕಣ್ಣು ಹೋದ ಮೇಲೂ ಲೇತಿನ ಮುಂದೆ ಬಗ್ಗಿದ್ದ ಮನುಷ್ಯ. ಈಗ ಅವನ ಮುಖ ಅವನ ಮಾತು ಕೇಳಲಿಲ್ಲ.

"ಆಗವಲ್ದು," ಅಂದ. ಆಶ್ಚರ್ಯವಾದವನಂತೆ ತನ್ನ ಕೈ ನೋಡಿಕೊಂಡ. "ಉಡಚಿ, ನಂಗೆ ಬಗ್ಗಾಕೆ ಆಗವಲ್ದು."

ಚಕ್ಕು ತಿರುಗುತ್ತಲೇ ಇತ್ತು. ಅಗ್ಗದ ಡಬ್ಬಿ ಈ ಮನೆಗೆ ತಂದದ್ದು ಇದೇ ಎಂದು ಬಕ್ಕೇಶನಿಗೆ ಕಂಡಿತು. ಕಣ್ಣು ಉಳಿದಿತ್ತು. ಅದರೊಳಗೆ ಅಂಜಿಕೆ ಹೊಕ್ಕಿತ್ತು. ಅವನು ಎದ್ದು ಮುಂದೆ ಬಂದ.

"ನಾನ್ ಬಗ್ಗಿ ನೋಡ್ತೀನಿ. ನೀವು ಅಲ್ಲೇ ನಿಂತು ಹ್ಯಾಂಡಲ್ ತಿರುವ್ರಿ."

"ನಿಂಗೇನ್ ಗೊತ್ತಾಗ್ತೈತೋ?"

"ಗೊತ್ತಾಗಂಗಿಲ್ಲ. ಕಂಡದ್ದು ಹೇಳ್ತೀನಿ."

ಮುದುಕ ಅವನನ್ನು ದಿಟ್ಟಿಸಿದ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಕೊಟ್ಟ.

ಬಕ್ಕೇಶ ಬಗ್ಗಿದ. ಹುಟ್ಟಿದಾರಭ್ಯ ಟೂಲುಗಳ ನಡುವೆಯೇ ಬೆಳೆದವನು, ತಿರುಗುವ ಕಬ್ಬಿಣದ ಇಷ್ಟು ಹತ್ತಿರಕ್ಕೆ ಎಂದೂ ಮುಖ ತಂದಿರಲಿಲ್ಲ. ಎಣ್ಣೆಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಟೂಲು ಮುಂದೆ ಸರಿದು ಕಬ್ಬಿಣವನ್ನು ತಾಕಿತು. ಹಲ್ಲು ಕಡಿಯುವ ಸದ್ದು ಶುರುವಾಗಿ ನೇರ ಅವನ ತಲೆಬುರುಡೆಯೊಳಗೆ ಇಳಿಯಿತು. ಟಿಪ್ಪಿನ ಕೆಳಗೆ ಹಿತ್ತಾಳೆಯ ಗೆರೆ ಕಾಣುತ್ತಿತ್ತು. ಕೂದಲೆಳೆಯಷ್ಟು ಸಣ್ಣದು, ಹಳದಿ. ಒಳ್ಳೆ ಕಂಪನಿಯದು, ತಾನೇ ತಂದದ್ದು. ಆದರೂ ಆ ಗೆರೆಯ ಹಿಂದೆ ಏನಿದೆಯೆಂದು ಬಕ್ಕೇಶನಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಬೇಕೆನಿಸಿತು. ಕಂಡದ್ದು ಹೇಳುತ್ತೇನೆಂದು ಮಾತು ಕೊಟ್ಟಿದ್ದ.

"ಏನ್ ಕಾಣ್ತೈತೆ?" ಹಿಂದಿನಿಂದ ಮುದುಕನ ದನಿ.

"ಸುರುಳಿ ಬರ್ತೈತ್ರಿ."

"ಕಡಿಕಡಿದು ಬರ್ತೈತೋ, ಉದ್ದಕ್ಕೆ ಬರ್ತೈತೋ?"

"ಉದ್ದಕ್ಕೆ."

"ಟೂಲು ನಡುಗ್ತೈತೇನು?"

ಬಕ್ಕೇಶ ಇನ್ನೂ ಹತ್ತಿರಕ್ಕೆ ಬಗ್ಗಿದ. ನಡುಗುತ್ತಿರುವುದು ಟೂಲೋ ತಾನೋ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ರಿ."

"ಹಂಗಾರೆ ಇನ್ನೊಂಚೂರು ಒಳಗೆ ಬಿಡ್ತೀನಿ," ಎಂದ ಮಾಲತೇಶಪ್ಪ. "ಮುಖ ತೆಗೀಬ್ಯಾಡ."

ಬಕ್ಕೇಶ ತೆಗೆಯಲಿಲ್ಲ.